ಮಿಶ್ರದ್ರವಗಳ ಕುದಿತ: ಮೇಲ್ಮೈಯ ಒರಟುತನ ಮತ್ತು ಗುಳ್ಳೆಯ ಹುಟ್ಟು

ಬಿಸಿ ಗೋಡೆಗೆ ತಾಗಿದ ದ್ರವ ಕುದಿಯತೊಡಗಿದಾಗ ಆವಿಯ ಗುಳ್ಳೆಗಳು ಎಲ್ಲಿ ಹುಟ್ಟುತ್ತವೆ, ಎಷ್ಟು ಬಿಸಿಗೆ ಹುಟ್ಟುತ್ತವೆ, ಎಷ್ಟು ದೊಡ್ಡದಾದ ಮೇಲೆ ಗೋಡೆ ಬಿಟ್ಟು ಮೇಲೇಳುತ್ತವೆ ಎಂಬುದನ್ನು ಆ ಗೋಡೆಯ ಮೈ ಬಹುಮಟ್ಟಿಗೆ ನಿರ್ಧರಿಸುತ್ತದೆ. ಗೋಡೆ ಎಂದರೆ ಇಲ್ಲಿ ಪಾತ್ರೆಯ ತಳ, ಬಾಯ್ಲರಿನ ಕೊಳವೆ, ಶೀತಕ ಯಂತ್ರದ ತಾಮ್ರದ ನಳಿಗೆ, ಹೀಗೆ ದ್ರವಕ್ಕೆ ಶಾಖ ದಾಟಿಸುವ ಯಾವುದೇ ಘನವಸ್ತು. ಒಂದೇ ವಸ್ತುವಿನ ದ್ರವದಲ್ಲಿಯೇ ಮೈಗೂ ಗುಳ್ಳೆಗೂ ಇರುವ ನಂಟು ತೊಡಕಿನದು. ಎರಡು ಮೂರು ದ್ರವಗಳು ಬೆರೆತಿದ್ದರೆ ಗೋಡೆಯ ಕುಳಿಗಳು ಹಾಗೆಯೇ ಇದ್ದರೂ ಅವುಗಳಲ್ಲಿ ಎಷ್ಟು ಕೆಲಸ ಮಾಡುತ್ತವೆ ಎಂಬ ಲೆಕ್ಕ ಬದಲಾಗುತ್ತದೆ.

ಅನ್ನಕ್ಕೆ ಎಸರಿಟ್ಟು ಮುಚ್ಚಳ ತೆಗೆದು ನೋಡಿದವರಿಗೆ ಇದರ ಮೊದಲ ಪಾಠ ಗೊತ್ತಿರುತ್ತದೆ. ಎಸರು ಮರಳುವ ಮುನ್ನ ತಳದ ಕೆಲವೇ ಜಾಗಗಳಿಂದ ಗುಳ್ಳೆಗಳು ಮಣಿಸರದಂತೆ ಸಾಲುಹಿಡಿದು ಏಳುತ್ತವೆ. ತಳವೆಲ್ಲ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿದ್ದರೂ ಅಕ್ಕಪಕ್ಕದ ಜಾಗ ಸುಮ್ಮನಿರುತ್ತದೆ. ಗುಳ್ಳೆ ಏಳುವ ಆ ಚುಕ್ಕೆಯಲ್ಲಿ ಕಣ್ಣಿಗೆ ಕಾಣದ ಒಂದು ಗೀರೋ ಕುಳಿಯೋ ಇರುತ್ತದೆ. ಕುದಿತದ ವಿಜ್ಞಾನದಲ್ಲಿ ‘ಒರಟುತನ’ ಎಂಬ ಮಾತು ಬಂದಾಗಲೆಲ್ಲ ನೆನಪಿಡಬೇಕಾದದ್ದು ಈ ಕುಳಿಯನ್ನು. ಮೈ ಎಷ್ಟು ತರಿತರಿಯಾಗಿದೆ ಎನ್ನುವುದಕ್ಕಿಂತ, ಅದರ ಕುಳಿಗಳು ಈ ದ್ರವದ ಕೆಳಗೆ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲವೇ ಎಂಬ ಪ್ರಶ್ನೆ ಹೆಚ್ಚು ಮುಖ್ಯ.

ಗುಳ್ಳೆಗೆ ಕುಳಿ ಏಕೆ ಬೇಕು

ದ್ರವದೊಳಗೆ ಗುಳ್ಳೆ ನಿಲ್ಲಬೇಕಾದರೆ ಅದರ ಒಳಗಿನ ಒತ್ತಡ ಸುತ್ತಲಿನ ದ್ರವದ ಒತ್ತಡಕ್ಕಿಂತ ಹೆಚ್ಚಿರಬೇಕು. ದ್ರವದ ಮೇಲ್ಮೈ ಎಳೆತ ಗುಳ್ಳೆಯನ್ನು ಎಲ್ಲ ಕಡೆಯಿಂದ ಹಿಸುಕುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಹಿಸುಕು ಜೋರು. ಈ ಹೆಚ್ಚುವರಿ ಒತ್ತಡವೆಂದರೆ ಮೇಲ್ಮೈ ಎಳೆತದ ಎರಡರಷ್ಟನ್ನು ಗುಳ್ಳೆಯ ತ್ರಿಜ್ಯದಿಂದ ಭಾಗಿಸಿದಷ್ಟು. ಇದು ಲಾಪ್ಲಾಸ್ ಹೆಸರಿನ ಸಮೀಕರಣ. ನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ 0.059 ನ್ಯೂಟನ್. ಹತ್ತು ಮೈಕ್ರೋಮೀಟರ್ ತ್ರಿಜ್ಯದ ಗುಳ್ಳೆಗೆ ಇದರಿಂದ ಸುಮಾರು 12 ಕಿಲೋಪಾಸ್ಕಲ್ ಹೆಚ್ಚುವರಿ ಒತ್ತಡ ಬೇಕಾಗುತ್ತದೆ. ಆ ಒತ್ತಡದ ಆವಿ ಸಿಗಲು ನೀರು 103 ಡಿಗ್ರಿಗೆ ಬಂದರೆ ಸಾಕು. ತ್ರಿಜ್ಯ ಒಂದು ಮೈಕ್ರೋಮೀಟರಿಗೆ ಇಳಿದರೆ ನೀರು 120 ಡಿಗ್ರಿ ದಾಟಬೇಕು. ಕುದಿಬಿಂದುವಿಗಿಂತ ಮೇಲಿನ ಈ ಹೆಚ್ಚುವರಿ ಬಿಸಿಗೆ ಅತಿತಾಪ ಎಂದು ಹೆಸರು.

ಹಾಗಾದರೆ ಏನೂ ಇಲ್ಲದ ಕಡೆ ಹುಟ್ಟುವ ಗುಳ್ಳೆ ಕೆಲವೇ ಅಣುಗಳ ಗಾತ್ರದಿಂದ ಆರಂಭವಾಗಬೇಕು. ಅದಕ್ಕೆ ಬೇಕಾದ ಅತಿತಾಪ ಅಪಾರ. ವಾಯುಮಂಡಲದ ಒತ್ತಡದಲ್ಲಿ ಯಾವ ಆಸರೆಯೂ ಇಲ್ಲದ ನೀರನ್ನು ಸುಮಾರು 300 ಡಿಗ್ರಿವರೆಗೂ ದ್ರವವಾಗಿಯೇ ಉಳಿಸಬಹುದು. ಅಲ್ಲಿಗೆ ಅದು ಸಿಡಿದಂತೆ ಆವಿಯಾಗುತ್ತದೆ. ಅಡುಗೆಮನೆಯ ನೀರು ನೂರರ ಆಸುಪಾಸಿನಲ್ಲಿ ಸೌಮ್ಯವಾಗಿ ಕುದಿಯುವುದು ಪಾತ್ರೆಯ ದೋಷಗಳ ದಯೆಯಿಂದ.

ಇದನ್ನು ಹಿಂದಿನವರು ಉಷ್ಣಮಾಪಕ ತಯಾರಿಸುವಾಗಲೇ ಎದುರಿಸಿದ್ದರು. 18ನೆಯ ಶತಮಾನದಲ್ಲಿ ಜಿನೀವಾದ ಜಾನ್ ಆಂದ್ರೆ ದೆಲುಕ್ ನೀರಿನಲ್ಲಿ ಕರಗಿದ ಗಾಳಿಯನ್ನು ವಾರಗಟ್ಟಲೆ ಅಲುಗಾಡಿಸಿ ಹೊರಹಾಕಿ, ಆ ನೀರು 112 ಡಿಗ್ರಿವರೆಗೆ ಕುದಿಯದೆ ಕಾಯ್ದು ಆಮೇಲೆ ಒಮ್ಮೆಗೇ ಉಕ್ಕುವುದನ್ನು ಕಂಡ. ಫ್ರಾನ್ಸಿನ ಗೇ ಲುಸಾಕ್, ಲೋಹದ ಪಾತ್ರೆಗಿಂತ ಗಾಜಿನ ಪಾತ್ರೆಯಲ್ಲಿ ನೀರು ಒಂದು ಡಿಗ್ರಿಗೂ ಹೆಚ್ಚಿನ ಬಿಸಿಯಲ್ಲಿ ಕುದಿಯುತ್ತದೆ, ಚೂರು ಲೋಹಪುಡಿ ಹಾಕಿದರೆ ಕುದಿತ ಕೆಳಗಿಳಿಯುತ್ತದೆ ಎಂದು ತೋರಿಸಿದ. ಲೂಯಿ ದುಫೂರ್ ನೀರಿನ ಹನಿಗಳನ್ನು ಎಣ್ಣೆಯಲ್ಲಿ ತೇಲಿಸಿ, ಘನವಸ್ತುವಿನ ಸೋಂಕೇ ಇಲ್ಲದಂತೆ ಮಾಡಿ, 178 ಡಿಗ್ರಿವರೆಗೆ ಕಾಯಿಸಿದ. ನೀರಿನ ಕುದಿಬಿಂದು ಎಂದು ನಾವು ಬಾಯಿಪಾಠ ಮಾಡುವ ಸಂಖ್ಯೆಯ ಹಿಂದೆ ಪಾತ್ರೆಯ ಮೈಯೂ ಇದೆ ಎಂಬ ಅರಿವು ಎರಡು ಶತಮಾನ ಹಳೆಯದು.

ಕುಳಿಯಲ್ಲಿ ಉಳಿಯುವ ಬೀಜ

ಕುಳಿ ಹೇಗೆ ನೆರವಾಗುತ್ತದೆ ಎಂಬ ವಿವರಣೆ 1950ರ ದಶಕದಲ್ಲಿ ಗಟ್ಟಿಯಾಯಿತು. ಒಣ ಲೋಹದ ಮೇಲೆ ದ್ರವ ಹರಿದು ಬರುವಾಗ ಅದರ ಮುಂಚೂಣಿ ಒಂದು ಓರೆಯಲ್ಲಿ ಬಾಗಿರುತ್ತದೆ. ಈ ಓರೆಯೇ ಸ್ಪರ್ಶಕೋನ. ಗೀರೊಂದರ ಗೋಡೆಗಳ ನಡುವಿನ ಕೋನಕ್ಕಿಂತ ಸ್ಪರ್ಶಕೋನ ದೊಡ್ಡದಾಗಿದ್ದರೆ, ದ್ರವದ ಮೂತಿ ಗೀರಿನ ತಳ ಮುಟ್ಟುವ ಮೊದಲೇ ಎದುರು ದಡಕ್ಕೆ ತಾಗುತ್ತದೆ. ತಳದಲ್ಲಿದ್ದ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಸ್. ಜಿ. ಬ್ಯಾಂಕಾಫ್ 1958ರಲ್ಲಿ ಹೇಳಿದ ಈ ಸರಳ ರೇಖಾಗಣಿತವೇ ಮುಂದಿನ ಎಲ್ಲ ಚರ್ಚೆಯ ಅಡಿಗಲ್ಲು. ಸಿಕ್ಕಿಕೊಂಡ ಗಾಳಿಯ ಜಾಗಕ್ಕೆ ಕ್ರಮೇಣ ಆವಿ ಬರುತ್ತದೆ. ಗೋಡೆ ಕಾದಾಗ ಅದು ಉಬ್ಬಿ ಕುಳಿಯ ಬಾಯಿಗೆ ಬರುತ್ತದೆ, ಅರ್ಧಗೋಳವಾಗಿ, ಮತ್ತೂ ಬೆಳೆದು ಕಳಚಿಕೊಳ್ಳುತ್ತದೆ. ಕಳಚುವಾಗ ಒಂದಿಷ್ಟು ಆವಿಯನ್ನು ಕುಳಿಯಲ್ಲೇ ಬಿಟ್ಟು ಹೋಗುತ್ತದೆ. ಬಿತ್ತನೆಗೆಂದು ತೆಗೆದಿಟ್ಟ ಕಾಳಿನಂತೆ ಆ ಉಳಿಕೆಯಿಂದ ಮುಂದಿನ ಗುಳ್ಳೆ ಮೊಳೆಯುತ್ತದೆ.

ಇದು ಬರಿಯ ಊಹೆಯಾಗಿ ಉಳಿಯಲಿಲ್ಲ. 1959ರಲ್ಲಿ ಕ್ಲಾರ್ಕ್, ಸ್ಟ್ರೆಂಜ್ ಮತ್ತು ವೆಸ್ಟ್‌ವಾಟರ್ ಸೂಕ್ಷ್ಮದರ್ಶಕದಡಿ ಕುದಿಯುವ ಮೈಯನ್ನು ನೋಡಿ, ಗುಳ್ಳೆಗಳು ಏಳುವ ಜಾಗಗಳಲ್ಲಿ ಎಂಟರಿಂದ ಎಂಬತ್ತು ಮೈಕ್ರೋಮೀಟರ್ ಅಗಲದ ಕುಳಿ, ಗೀರುಗಳಿರುವುದನ್ನು ಗುರುತಿಸಿದರು. ಮರುವರ್ಷ ಗ್ರಿಫಿತ್ ಮತ್ತು ವಾಲಿಸ್ ತಾಮ್ರದ ಮೇಲೆ ಸೂಜಿಯಿಂದ ಚುಚ್ಚಿದ ಕುಳಿಗಳನ್ನೇ ಬಳಸಿ ಪ್ರಯೋಗಿಸಿದರು. ಅವರು ಬೇರ್ಪಡಿಸಿ ಹೇಳಿದ ಎರಡು ಸಂಗತಿಗಳು ಇಂದಿಗೂ ಮಾನ್ಯ: ಕುದಿತ ಶುರುವಾಗಲು ಎಷ್ಟು ಅತಿತಾಪ ಬೇಕು ಎಂಬುದನ್ನು ಕುಳಿಯ ಬಾಯಿಯ ಅಗಲ ತೀರ್ಮಾನಿಸುತ್ತದೆ, ಶುರುವಾದ ಕುದಿತ ನಿಲ್ಲದೆ ಸಾಗುವುದೇ ಎಂಬುದನ್ನು ಕುಳಿಯ ಒಳ ಆಕಾರ ತೀರ್ಮಾನಿಸುತ್ತದೆ. ಬಾಯಿ ಅಗಲವಾಗಿ ತಳ ಆಳವಿಲ್ಲದ ತಟ್ಟೆಯಂಥ ಕುಳಿ ಬೀಜವನ್ನು ಬೇಗ ಕಳೆದುಕೊಳ್ಳುತ್ತದೆ. ಬಾಯಿ ಕಿರಿದಾಗಿ ಹೊಟ್ಟೆ ದೊಡ್ಡದಿರುವ, ಕೊಡದಂಥ ಕುಳಿ ಬೀಜವನ್ನು ಜೋಪಾನ ಮಾಡುತ್ತದೆ.

1962ರಲ್ಲಿ ವೈ. ವೈ. ಶು ಇದಕ್ಕೊಂದು ಮಿತಿಯನ್ನು ಸೇರಿಸಿದರು. ಗೋಡೆಗೆ ಅಂಟಿದ ದ್ರವದ ತೆಳು ಪದರ ಮಾತ್ರ ಅತಿತಾಪದಲ್ಲಿರುತ್ತದೆ. ಅದರಾಚೆಗೆ ದ್ರವ ತಣ್ಣಗೆ. ಕುಳಿ ತೀರಾ ದೊಡ್ಡದಾಗಿದ್ದರೆ ಗುಳ್ಳೆಯ ತಲೆ ತಂಪಿನ ವಲಯಕ್ಕೆ ಚಾಚಿ ಬೆಳೆಯಲಾರದೆ ನಿಲ್ಲುತ್ತದೆ. ತೀರಾ ಚಿಕ್ಕದಾಗಿದ್ದರೆ ಹಿಸುಕಿಗೆ ಸೋಲುತ್ತದೆ. ಪ್ರತಿಯೊಂದು ಅತಿತಾಪಕ್ಕೂ ಕೆಲಸ ಮಾಡುವ ಕುಳಿಗಳ ಒಂದು ವ್ಯಾಪ್ತಿ ಇದೆ. ಬಿಸಿ ಏರಿದಂತೆ ಅದು ಎರಡೂ ಕಡೆ ಅಗಲವಾಗುತ್ತದೆ.

ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಬಟ್ಟಿ ಇಳಿಸುವ ಮುನ್ನ ಗಾಜಿನ ಬುರುಡೆಗೆ ಹಾಕುವ ಪಿಂಗಾಣಿ ಚೂರುಗಳದ್ದೂ ಇದೇ ಕೆಲಸ. ಅವುಗಳ ರಂಧ್ರಗಳು ಗಾಳಿ ಹೊತ್ತು ಬರುತ್ತವೆ, ದ್ರವ ಎಗರದೆ ಕುದಿಯುತ್ತದೆ. ಕುದಿತ ನಿಂತು ಬುರುಡೆ ತಣ್ಣಗಾದರೆ ರಂಧ್ರಗಳಿಗೆ ದ್ರವ ನುಗ್ಗುತ್ತದೆ. ಮತ್ತೆ ಕಾಯಿಸುವಾಗ ಹೊಸ ಚೂರು ಹಾಕಬೇಕೆಂದು ಶಿಕ್ಷಕರು ಒತ್ತಿ ಹೇಳುವುದು ಇದಕ್ಕೇ. ಕಾದ ದ್ರವಕ್ಕೆ ಚೂರು ಹಾಕುವುದಂತೂ ಅಪಾಯ. ಅತಿತಾಪದಲ್ಲಿ ಕಾಯುತ್ತಿದ್ದ ದ್ರವ ಒಮ್ಮೆಗೇ ಮುಖಕ್ಕೆ ಚಿಮ್ಮುತ್ತದೆ.

ಒರಟುತನವನ್ನು ಒಂದು ಸಂಖ್ಯೆಯಲ್ಲಿ ಹಿಡಿಯುವ ಯತ್ನ

ಎಂಜಿನಿಯರನಿಗೆ ಕೊನೆಗೆ ಬೇಕಾದದ್ದು ಒಂದು ಸಂಖ್ಯೆ. ಜರ್ಮನಿಯ ಮ್ಯಾಕ್ಸ್ ಯಾಕೋಬ್ ಮತ್ತು ವಾಲ್ಟರ್ ಫ್ರಿಟ್ಸ್ 1931ರಲ್ಲೇ ಒರಟು ಮಾಡಿದ ಮೈಗಳಲ್ಲಿ ನೀರು ಕುದಿಸಿ, ಶಾಖ ಹೆಚ್ಚು ದಾಟುವುದನ್ನೂ, ಕೆಲವು ದಿನ ಕಳೆದ ಮೇಲೆ ಆ ಲಾಭ ಕರಗಿಹೋಗುವುದನ್ನೂ ದಾಖಲಿಸಿದ್ದರು. ಮೂರು ವರ್ಷಗಳ ಅನಂತರ ಜಪಾನಿನ ಶಿರೋ ನುಕಿಯಾಮ ಕುದಿತದ ಪೂರ್ಣ ವಕ್ರರೇಖೆಯನ್ನು ಎಳೆದರು: ಮೊದಲು ಗುಳ್ಳೆ ಕುದಿತ, ಅದರ ತುದಿಯಲ್ಲಿ ಒಂದು ಗರಿಷ್ಠ ಉಷ್ಣಹರಿವು, ಅದನ್ನು ಮೀರಿದರೆ ಆವಿಯ ಪೊರೆ ಮುಚ್ಚಿ ಗೋಡೆಯೇ ಕರಗುವಷ್ಟು ಬಿಸಿಯಾಗುವ ಪೊರೆ ಕುದಿತ. ಒರಟುತನ ಈ ರೇಖೆಯ ಗುಳ್ಳೆ ಕುದಿತದ ಭಾಗವನ್ನು ಎಡಕ್ಕೆ, ಎಂದರೆ ಕಡಿಮೆ ಅತಿತಾಪದ ಕಡೆಗೆ ಸರಿಸುತ್ತದೆ. ಅಮೆರಿಕದ ಪಿ. ಜೆ. ಬೆರೆನ್ಸನ್ 1962ರಲ್ಲಿ ಪೆಂಟೇನನ್ನು ಬೇರೆ ಬೇರೆ ನಯದ ತಾಮ್ರದ ಮೇಲೆ ಕುದಿಸಿ, ಶಾಖ ದಾಟುವ ಪ್ರಮಾಣ ಐದಾರು ಪಟ್ಟು ಬದಲಾದರೂ ಗರಿಷ್ಠ ಹರಿವು ಹೆಚ್ಚೇನೂ ಬದಲಾಗದ್ದನ್ನು ತೋರಿಸಿದರು.

ವಾರೆನ್ ರೋಸನೋ 1952ರಲ್ಲಿ ಕೊಟ್ಟ ಪ್ರಸಿದ್ಧ ಸೂತ್ರದಲ್ಲಿ ಮೈ ಮತ್ತು ದ್ರವದ ಜೋಡಿಗೆ ಒಂದು ಸ್ಥಿರಾಂಕವಿದೆ. ನೀರು ಮತ್ತು ನಯಗೊಳಿಸಿದ ತಾಮ್ರಕ್ಕೆ ಅದು 0.0128, ನೀರು ಮತ್ತು ಗೀರು ಹಾಕಿದ ತಾಮ್ರಕ್ಕೆ 0.0068. ಉಷ್ಣಹರಿವು ಈ ಸ್ಥಿರಾಂಕದ ಘನಕ್ಕೆ ವಿಲೋಮವಾದ್ದರಿಂದ, ಅದೇ ಅತಿತಾಪದಲ್ಲಿ ಗೀರು ಹಾಕಿದ ತಾಮ್ರ ಆರೂವರೆ ಪಟ್ಟಿಗೂ ಹೆಚ್ಚು ಶಾಖ ದಾಟಿಸುತ್ತದೆ ಎಂದಾಯಿತು. ಜರ್ಮನಿಯ ಗೊರೆನ್‌ಫ್ಲೋ ಅವರ ವಿಧಾನದಲ್ಲಾದರೋ ಸರಾಸರಿ ಒರಟುತನವನ್ನು 0.4 ಮೈಕ್ರೋಮೀಟರಿಗೆ ಹೋಲಿಸಿ, ಆ ಅನುಪಾತವನ್ನು 0.133ರ ಘಾತಕ್ಕೆ ಏರಿಸುತ್ತಾರೆ. ಒರಟುತನ ಹತ್ತು ಪಟ್ಟು ಹೆಚ್ಚಿದರೂ ಇಲ್ಲಿ ಲಾಭ ಶೇ. 36 ಮಾತ್ರ. ಒಂದೇ ವಿಷಯಕ್ಕೆ ಒಂದು ಸೂತ್ರ ಆರು ಪಟ್ಟು ಎನ್ನುತ್ತದೆ, ಇನ್ನೊಂದು ಮೂರನೇ ಒಂದು ಪಾಲಿನಷ್ಟು ಎನ್ನುತ್ತದೆ. ಇದರಲ್ಲಿ ಯಾರದೂ ತಪ್ಪಿಲ್ಲ. ಸೂಜಿಮೊನೆ ಹರಿಸಿ ಅಳೆಯುವ ಸರಾಸರಿ ಒರಟುತನ ಉಬ್ಬುತಗ್ಗುಗಳ ಎತ್ತರವನ್ನು ಹೇಳುತ್ತದೆ. ಕುಳಿಯ ಬಾಯಿ ಕಿರಿದೇ, ಒಳಗೆ ಹೊಟ್ಟೆಯಿದೆಯೇ ಎಂಬುದನ್ನು ಹೇಳುವುದೇ ಇಲ್ಲ. ಮರಳು ಎರಚಿ ಒರಟು ಮಾಡಿದ ಮೈಯೂ ಉಜ್ಜುಕಾಗದದಿಂದ ಗೀರಿದ ಮೈಯೂ ಅಳತೆಯಲ್ಲಿ ಒಂದೇ ಆಗಿ, ಕುದಿತದಲ್ಲಿ ಬೇರೆಯಾಗಬಹುದು. ಕುದಿತದ ಪ್ರಯೋಗಗಳ ವರದಿ ಓದುವವರು ಒರಟುತನದ ಸಂಖ್ಯೆಗಿಂತ ಮೈಯನ್ನು ಹೇಗೆ ತಯಾರಿಸಿದರು ಎಂಬ ಸಾಲನ್ನು ಹೆಚ್ಚು ಗಮನಿಸುವುದು ಒಳ್ಳೆಯದು.

ಮಿಶ್ರಣ ಕುದಿಯುವ ಬಗೆ

ಶುದ್ಧ ದ್ರವಕ್ಕೆ ಒಂದು ಒತ್ತಡದಲ್ಲಿ ಒಂದೇ ಕುದಿಬಿಂದು. ಮಿಶ್ರಣಕ್ಕೆ ಹಾಗಿಲ್ಲ. ಎಥನಾಲ್ ಮತ್ತು ನೀರಿನ ಮಿಶ್ರಣದಲ್ಲಿ ನೂರು ಅಣುಗಳಿಗೆ ಹತ್ತು ಎಥನಾಲ್ ಅಣುಗಳಿದ್ದರೆ ಅದು 87 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಆದರೆ ಏಳುವ ಆವಿಯಲ್ಲಿ ನೂರಕ್ಕೆ ಸುಮಾರು 44 ಅಣುಗಳು ಎಥನಾಲಿನವು. ಬೇಗ ಆವಿಯಾಗುವ ಎಥನಾಲನ್ನು ಹಗುರ ಘಟಕ ಎಂದೂ ನೀರನ್ನು ಭಾರ ಘಟಕ ಎಂದೂ ಕರೆಯೋಣ. ಗುಳ್ಳೆ ತನ್ನ ಪಾಲಿಗಿಂತ ಹೆಚ್ಚು ಹಗುರ ಘಟಕವನ್ನು ಸುತ್ತಲಿನ ದ್ರವದಿಂದ ಹೀರಿಕೊಂಡು ಬೆಳೆಯುತ್ತದೆ. ಹೀರಿದ ಕಡೆ ದ್ರವದಲ್ಲಿ ಎಥನಾಲ್ ಬರಿದಾಗುತ್ತದೆ, ನೀರು ಹೆಚ್ಚುತ್ತದೆ, ಅಲ್ಲಿನ ಕುದಿಬಿಂದು ಏರುತ್ತದೆ. ಗೋಡೆಯ ಬಿಸಿ ಮೊದಲಿನಷ್ಟೇ ಇದ್ದರೂ ಗುಳ್ಳೆಗೆ ಸಿಗುವ ನಿಜವಾದ ಅತಿತಾಪ ಕಡಿಮೆಯಾಗುತ್ತದೆ.

ಬರಿದಾದ ಕಡೆಗೆ ದೂರದ ಎಥನಾಲ್ ಹರಿದು ಬರಬಾರದೇ? ಬರುತ್ತದೆ, ಆದರೆ ನಿಧಾನವಾಗಿ. ಇಂಥ ದ್ರವಗಳಲ್ಲಿ ಶಾಖ ಹರಡುವ ವೇಗಕ್ಕೆ ಹೋಲಿಸಿದರೆ ಅಣುಗಳು ವಿಸರಣದಿಂದ ಹರಡುವ ವೇಗ ನೂರರಲ್ಲಿ ಒಂದು ಪಾಲಿನ ಆಸುಪಾಸು. ಶುದ್ಧ ನೀರಿನಲ್ಲಿ ಗುಳ್ಳೆಯ ಬೆಳವಣಿಗೆಯನ್ನು ಶಾಖ ಬರುವ ವೇಗ ತಡೆಹಿಡಿದರೆ, ಮಿಶ್ರಣದಲ್ಲಿ ಹಗುರ ಅಣುಗಳು ಬರುವ ವೇಗವೂ ಸೇರಿ ತಡೆಹಿಡಿಯುತ್ತದೆ. ಎಲ್. ಇ. ಸ್ಕ್ರಿವೆನ್ 1959ರಲ್ಲಿ ಈ ಎರಡು ತಡೆಗಳನ್ನೂ ಒಂದೇ ಗಣಿತದಲ್ಲಿ ಕೂಡಿಸಿ ತೋರಿಸಿದರು. ಅದಕ್ಕೂ ಮೊದಲೇ ನೆದರ್ಲೆಂಡ್ಸ್‌ನ ವಾನ್ ವೈಕ್, ವೋಸ್ ಮತ್ತು ವಾನ್ ಸ್ಟ್ರಾಲೆನ್ 1956ರಲ್ಲಿ ಮಿಶ್ರಣಗಳ ಕುದಿತವನ್ನು ಅಳೆದು, ಗುಳ್ಳೆಗಳು ಚಿಕ್ಕವಾಗಿ ನಿಧಾನವಾಗಿ ಬೆಳೆಯುವುದನ್ನು ಗಮನಿಸಿದ್ದರು.

ಇದರ ಫಲವಾಗಿ ಮಿಶ್ರಣದ ಶಾಖ ದಾಟಿಸುವ ಸಾಮರ್ಥ್ಯ ಎರಡು ಶುದ್ಧ ದ್ರವಗಳ ನಡುವಿನ ಸರಾಸರಿಗಿಂತ ಕೆಳಗೆ ಬೀಳುತ್ತದೆ. ಕೆಲವೊಮ್ಮೆ ಎರಡಕ್ಕಿಂತಲೂ ಕೆಳಗೆ. ಆವಿಯ ಸಂಯೋಜನೆಗೂ ದ್ರವದ ಸಂಯೋಜನೆಗೂ ಅಂತರ ಎಲ್ಲಿ ಹೆಚ್ಚೋ ಅಲ್ಲಿ ಕುಸಿತವೂ ಹೆಚ್ಚು. ತೂಕದಲ್ಲಿ ಶೇ. 95.6 ಎಥನಾಲ್ ಇರುವ, 78.2 ಡಿಗ್ರಿಯಲ್ಲಿ ಕುದಿಯುವ ಅಜಿಯೋಟ್ರೋಪ್‌ನಲ್ಲಿ ಆವಿಯೂ ದ್ರವವೂ ಒಂದೇ ಸಂಯೋಜನೆಯವು. ಅಲ್ಲಿ ಮಿಶ್ರಣ ಶುದ್ಧ ದ್ರವದಂತೆಯೇ ನಡೆದುಕೊಳ್ಳುತ್ತದೆ. 1969ರಲ್ಲಿ ಸ್ಟೆಫಾನ್ ಮತ್ತು ಕೋರ್ನರ್, 1980ರ ದಶಕದಲ್ಲಿ ಶ್ಲುಂಡರ್, ಥೋಮ್ ಮೊದಲಾದವರು ಈ ಕುಸಿತವನ್ನು ಲೆಕ್ಕಹಾಕುವ ಸೂತ್ರಗಳನ್ನು ಕೊಟ್ಟರು. ಕೈಗಾರಿಕಾ ವಿನ್ಯಾಸಕ್ಕೆ ಅವು ನೆರವಾದವು. ಗೋಡೆಯ ಮೈ ಮಾತ್ರ ಅವುಗಳಲ್ಲಿ ಹಿನ್ನೆಲೆಗೆ ಸರಿಯಿತು: ಶುದ್ಧ ದ್ರವಕ್ಕೆ ಆ ಮೈ ಎಷ್ಟು ನೆರವಾಯಿತೋ ಮಿಶ್ರಣಕ್ಕೂ ಅಷ್ಟೇ ಎಂದು ಹಿಡಿದು, ಅದರ ಮೇಲೆ ಕುಸಿತದ ಗುಣಾಂಕ ಹೇರುವುದು ರೂಢಿ. ಈ ಊಹೆ ದುರ್ಬಲ.

ಮಿಶ್ರಣದ ಕೆಳಗೆ ಒರಟು ಮೈ

ಇಲ್ಲಿ ಮೊದಲ ಗುಳ್ಳೆಯನ್ನೂ ನೂರನೆಯ ಗುಳ್ಳೆಯನ್ನೂ ಬೇರೆಯಾಗಿ ನೋಡಬೇಕು.

ಮೊದಲ ಗುಳ್ಳೆ ಹುಟ್ಟುವ ಹೊತ್ತಿಗೆ ದ್ರವ ಎಲ್ಲ ಕಡೆ ಒಂದೇ ಸಂಯೋಜನೆಯಲ್ಲಿರುತ್ತದೆ, ಯಾವುದೂ ಬರಿದಾಗಿಲ್ಲ. ಅದರ ಹುಟ್ಟನ್ನು ಮೇಲ್ಮೈ ಎಳೆತ, ಬಿಸಿಗೆ ಆವಿಯ ಒತ್ತಡ ಏರುವ ವೇಗ, ಕುಳಿಯಲ್ಲಿ ಸಿಕ್ಕಿದ ಬೀಜದ ಗಾತ್ರ ಈ ಮೂರು ತೀರ್ಮಾನಿಸುತ್ತವೆ. ನೀರಿಗೆ ಎಥನಾಲ್ ಬೆರೆಸಿದರೆ ಮೇಲ್ಮೈ ಎಳೆತ ಥಟ್ಟನೆ ಇಳಿಯುತ್ತದೆ. ಕೋಣೆಯ ಬಿಸಿಯಲ್ಲಿ ನೀರಿನದು ಮೀಟರಿಗೆ 72 ಮಿಲಿನ್ಯೂಟನ್, ಎಥನಾಲಿನದು 22. ಹಿಸುಕು ಕಡಿಮೆಯಾದ್ದರಿಂದ ಗುಳ್ಳೆ ಸುಲಭವಾಗಿ ಹುಟ್ಟಬೇಕು. ಲೆಕ್ಕವೂ ಹಾಗೆಯೇ ಹೇಳುತ್ತದೆ: ಒಂದು ಮೈಕ್ರೋಮೀಟರ್ ತ್ರಿಜ್ಯದ ಬಾಯಿಯಿಂದ ಶುದ್ಧ ನೀರಿನ ಗುಳ್ಳೆ ಹೊರಬರಲು 20 ಡಿಗ್ರಿಗೂ ಹೆಚ್ಚು ಅತಿತಾಪ ಬೇಕು, ಶುದ್ಧ ಎಥನಾಲಿಗೆ ಸುಮಾರು 8 ಡಿಗ್ರಿ ಸಾಕು.

ಆದರೆ ಮೇಲ್ಮೈ ಎಳೆತ ಇಳಿದಾಗ ಸ್ಪರ್ಶಕೋನವೂ ಇಳಿಯುತ್ತದೆ. ಎಥನಾಲ್ ಹೆಚ್ಚಿದ ದ್ರವ ಲೋಹದ ಮೈಗೆ ಎಣ್ಣೆಯಂತೆ ಹರಡಿಕೊಳ್ಳುತ್ತದೆ. ಬ್ಯಾಂಕಾಫ್ ಹೇಳಿದ ರೇಖಾಗಣಿತ ಇಲ್ಲಿ ತಿರುಗಿ ಹೊಡೆಯುತ್ತದೆ. ನೀರಿನ ಕೆಳಗೆ ಗಾಳಿ ಹಿಡಿದಿಟ್ಟುಕೊಂಡಿದ್ದ ಅದೇ ಗೀರಿಗೆ ಈ ದ್ರವ ತಳದವರೆಗೂ ನುಗ್ಗುತ್ತದೆ. ಗಾಳಿ ಹೊರದಬ್ಬಲ್ಪಡುತ್ತದೆ, ಇಲ್ಲವೇ ತಳದ ಮೂಲೆಯಲ್ಲಿ ಬಾಯಿಗಿಂತ ಬಹಳ ಚಿಕ್ಕ ಚುಕ್ಕೆಯಾಗಿ ಮುದುಡುತ್ತದೆ. ಆಮೇಲೆ ಬಾಯಿಯ ಅಗಲ ಲೆಕ್ಕಕ್ಕೆ ಬರುವುದಿಲ್ಲ, ಮುದುಡಿದ ಚುಕ್ಕೆಯ ಗಾತ್ರವೇ ಲೆಕ್ಕ. ಹೀಗೆ ಒಂದೇ ಎಥನಾಲ್ ಒಂದು ಕೈಯಿಂದ ಗುಳ್ಳೆಯ ಹುಟ್ಟನ್ನು ಹಗುರ ಮಾಡಿ ಇನ್ನೊಂದು ಕೈಯಿಂದ ಅದರ ಬೀಜವನ್ನೇ ಕಿತ್ತುಕೊಳ್ಳುತ್ತದೆ. ಯಾವ ಕೈ ಗೆಲ್ಲುತ್ತದೆ ಎಂಬುದು ಕುಳಿಯ ಆಕಾರಕ್ಕೆ ಬಿಟ್ಟದ್ದು. ಉಜ್ಜುಕಾಗದದ ತೆರೆದ ಗೀರುಗಳಿರುವ ಮೈ ಹೆಚ್ಚು ಕಳೆದುಕೊಳ್ಳುತ್ತದೆ. ಕೊಡದಂಥ ಕುಳಿಗಳ ಮೈ, ದ್ರವ ಎಷ್ಟೇ ಚೆನ್ನಾಗಿ ತೋಯಿಸಿದರೂ, ಕಿರುಬಾಯಿಯ ಒಳಗೆ ಬೀಜ ಉಳಿಸಿಕೊಳ್ಳಬಲ್ಲದು. ಚೆನ್ನಾಗಿ ತೋಯಿಸುವ ದ್ರವಗಳಲ್ಲಿ ಮೊದಲ ಗುಳ್ಳೆ ತಡವಾಗಿ, ಬಹಳ ಅತಿತಾಪದಲ್ಲಿ ಹುಟ್ಟಿ, ಹುಟ್ಟಿದೊಡನೆ ಅಕ್ಕಪಕ್ಕದ ಕುಳಿಗಳಿಗೂ ಆವಿ ತುಂಬಿ ಗೋಡೆಯ ಬಿಸಿ ದಿಢೀರನೆ ಇಳಿಯುವುದು ಇದರ ಕುರುಹು. ಕಾಯಿಸುತ್ತ ಹೋದಾಗ ಒಂದು ರೇಖೆ, ಆರಿಸುತ್ತ ಬಂದಾಗ ಇನ್ನೊಂದು ರೇಖೆ ಸಿಗುವುದೂ ಇದಕ್ಕೇ. ಒಂದೇ ಗೋಡೆಯನ್ನು ಎರಡು ದಿನ ಅಳೆದರೆ ಎರಡು ಉತ್ತರ ಬರುವುದು ಈ ಕ್ಷೇತ್ರದಲ್ಲಿ ಹೊಸದಲ್ಲ. ಹಿಂದಿನ ರಾತ್ರಿ ಗೋಡೆ ದ್ರವದಲ್ಲಿ ತಣ್ಣಗೆ ಮುಳುಗಿತ್ತೇ, ಒಣಗಿತ್ತೇ ಎಂಬುದೂ ಫಲಿತಾಂಶದ ಭಾಗ.

ಕುದಿತ ನೆಲೆನಿಂತ ಮೇಲಿನ, ಎಂದರೆ ನೂರನೆಯ ಗುಳ್ಳೆಯ ಕಥೆ ಬೇರೆ. ಈಗ ಕುಳಿಯ ಬಾಯಿಯ ಸುತ್ತ ಹಗುರ ಘಟಕ ಬರಿದಾಗಿರುತ್ತದೆ. ಹಿಂದಿನ ಗುಳ್ಳೆ ಕಳಚಿ ಮೇಲೇಳುವಾಗ ತನ್ನೊಡನೆ ಬರಿದಾದ ದ್ರವವನ್ನು ಒಂದಿಷ್ಟು ಎಳೆದೊಯ್ಯುತ್ತದೆ, ಆ ಜಾಗಕ್ಕೆ ಹೊಸ ದ್ರವ ಬರುತ್ತದೆ. ಬಂದ ದ್ರವ ಕಾಯುವವರೆಗೆ ಮುಂದಿನ ಗುಳ್ಳೆ ಕಾದಿರಬೇಕು. ಕುಳಿಗಳು ದೂರದೂರ ಇದ್ದರೆ ಪ್ರತಿಯೊಂದೂ ತನ್ನ ಸುತ್ತಲಿನ ದ್ರವದಿಂದ ಬೇಕಾದಷ್ಟು ಹಗುರ ಘಟಕ ಪಡೆಯುತ್ತದೆ. ಒತ್ತೊತ್ತಾಗಿದ್ದರೆ ಒಂದೇ ಬಾವಿಗೆ ಹತ್ತು ಹಗ್ಗ ಬಿಟ್ಟಂತೆ. ಗೋಡೆಯ ಪಕ್ಕದ ಪದರವೆಲ್ಲ ಬರಿದಾಗುತ್ತದೆ, ಎಲ್ಲ ಕುಳಿಗಳ ಕುದಿಬಿಂದುವೂ ಏರುತ್ತದೆ. ಶುದ್ಧ ದ್ರವದಲ್ಲಿ ಕುಳಿಗಳ ಸಂಖ್ಯೆ ಹೆಚ್ಚಿಸಿ ಪಡೆದ ಲಾಭ ಮಿಶ್ರಣದಲ್ಲಿ ಪೂರ್ತಿ ದಕ್ಕದಿರಲು ಇದೊಂದು ಕಾರಣ. ಒರಟು ಮೈಗಳು ಮಿಶ್ರಣದಲ್ಲೂ ನಯ ಮೈಗಿಂತ ಸಾಮಾನ್ಯವಾಗಿ ಮೇಲು. ಆದರೆ ಶುದ್ಧ ದ್ರವದಲ್ಲಿ ಕಂಡಷ್ಟು ಮೇಲಲ್ಲ.

ಗುಳ್ಳೆಯ ಗಾತ್ರವೂ ಬದಲಾಗುತ್ತದೆ. 1935ರಲ್ಲಿ ಫ್ರಿಟ್ಸ್ ಕೊಟ್ಟ ಸೂತ್ರದ ಪ್ರಕಾರ, ಗೋಡೆ ಬಿಡುವ ಗುಳ್ಳೆಯ ವ್ಯಾಸ ಸ್ಪರ್ಶಕೋನಕ್ಕೂ ಮೇಲ್ಮೈ ಎಳೆತದ ವರ್ಗಮೂಲಕ್ಕೂ ಅನುಗುಣವಾದದ್ದು. ಲೋಹದ ಮೇಲೆ ಕುದಿಯುವ ನೀರಿನಲ್ಲಿ ಇದು ಸುಮಾರು ಎರಡೂವರೆ ಮಿಲಿಮೀಟರ್. ಎಥನಾಲ್ ಬೆರೆತರೆ ಎರಡೂ ಇಳಿದು ಗುಳ್ಳೆಗಳು ಸಣ್ಣವಾಗಿ, ಬೇಗ ಬೇಗ ಕಳಚುತ್ತವೆ. ನೀರಿನಲ್ಲಿ ಪಕ್ಕಪಕ್ಕದ ಗುಳ್ಳೆಗಳು ಕೂಡಿ ದೊಡ್ಡದಾಗುವಂತೆ ಸ್ವಲ್ಪ ಮದ್ಯಸಾರವಿರುವ ನೀರಿನಲ್ಲಿ ಸುಲಭವಾಗಿ ಕೂಡುವುದಿಲ್ಲ. ಗೋಡೆಯನ್ನು ಆವಿ ಒಟ್ಟಾಗಿ ಮುಚ್ಚುವುದು ಇದರಿಂದ ತಡವಾಗುತ್ತದೆ.

ಇನ್ನೊಂದು ಬಲ ಮಿಶ್ರಣಕ್ಕೇ ವಿಶೇಷವಾದದ್ದು. ಗುಳ್ಳೆಯ ಬುಡದಲ್ಲಿ, ಗೋಡೆಗೆ ತಾಗಿದ ಅಂಚಿನಲ್ಲಿ ದ್ರವ ಅತಿ ತೆಳುವಾಗಿರುತ್ತದೆ. ಅಲ್ಲಿಂದ ಎಥನಾಲ್ ಮೊದಲು ಹಾರಿಹೋಗಿ ನೀರು ಉಳಿಯುತ್ತದೆ. ಅಲ್ಲಿನ ಮೇಲ್ಮೈ ಎಳೆತ ಸುತ್ತಲಿಗಿಂತ ಹೆಚ್ಚಾಗುತ್ತದೆ. ಹೆಚ್ಚು ಎಳೆತದ ಕಡೆಗೆ ದ್ರವದ ಮೈ ಹರಿಯುತ್ತದೆ. ಮರಾಂಗೋನಿ ಹರಿವು ಎಂಬ ಹೆಸರಿನ ಈ ಸೆಳೆತ ಒಣಗಲಿದ್ದ ಅಂಚಿಗೆ ಹೊಸ ದ್ರವವನ್ನು ತಂದುಕೊಡುತ್ತದೆ. ವಾನ್ ಸ್ಟ್ರಾಲೆನ್ ಮತ್ತು ಸಂಗಡಿಗರು ತೆಳು ತಂತಿಗಳ ಮೇಲೆ ನೀರಿಗೆ ಶೇ. 4ರಷ್ಟು ಮೀಥೈಲ್ ಈಥೈಲ್ ಕೀಟೋನ್ ಬೆರೆಸಿ ಕುದಿಸಿದಾಗ ಗರಿಷ್ಠ ಉಷ್ಣಹರಿವು ಶುದ್ಧ ನೀರಿನದಕ್ಕಿಂತ ಮೇಲೇರಿತು. ಅದರಲ್ಲಿ ಗುಳ್ಳೆಗಳ ನಿಧಾನದ ಬೆಳವಣಿಗೆಗೂ ಈ ಸೆಳೆತಕ್ಕೂ ಪಾಲಿದೆ ಎಂದು ಭಾವಿಸಲಾಗಿದೆ. ಎಲ್ಲ ಮಿಶ್ರಣಗಳೂ ಹೀಗಲ್ಲ. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಜೋಡಿಯಲ್ಲಿ ಹಗುರ ಘಟಕ ನೀರು, ಅದಕ್ಕೇ ಮೇಲ್ಮೈ ಎಳೆತ ಹೆಚ್ಚು. ಅಲ್ಲಿ ಅಂಚಿನಿಂದ ನೀರು ಹಾರಿದಾಗ ಉಳಿಯುವ ಗ್ಲೈಕಾಲಿನ ಎಳೆತ ಕಡಿಮೆ. ದ್ರವ ಅಂಚಿನಿಂದ ಆಚೆಗೆ ಜಾರುತ್ತದೆ. ಒರಟು ಮೈಯ ಸಂದುಗಳು ಬತ್ತಿಯಂತೆ ದ್ರವ ಎಳೆದುಕೊಳ್ಳುವುದು ಈ ಸೆಳೆತಕ್ಕೆ ಒಮ್ಮೆ ಜೊತೆಯಾಗುತ್ತದೆ, ಒಮ್ಮೆ ಎದುರಾಗುತ್ತದೆ.

ಬೇಕೆಂದು ರೂಪಿಸಿದ ಮೈಗಳು

ಗೀರು, ಮರಳು ಎರಚಾಟಗಳನ್ನು ಅದೃಷ್ಟಕ್ಕೆ ಬಿಡುವ ಬದಲು ಕುಳಿಯನ್ನೇ ವಿನ್ಯಾಸ ಮಾಡುವ ಯೋಚನೆ 1960ರ ದಶಕದಿಂದ ಉದ್ಯಮಕ್ಕೆ ಬಂತು. ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ಹೈ ಫ್ಲಕ್ಸ್ ಕೊಳವೆಗಳ ಮೇಲೆ ಲೋಹದ ಪುಡಿಯನ್ನು ಕಾಯಿಸಿ ಅಂಟಿಸಿದ ಸ್ಪಂಜಿನಂಥ ಲೇಪನವಿತ್ತು. ಜಪಾನಿನ ಹಿಟಾಚಿಯ ಥರ್ಮೋಎಕ್ಸೆಲ್, ಜರ್ಮನಿಯ ವೀಲಂಡ್‌ನ ಗೇವಾ ಟಿ, ಅಮೆರಿಕದ ವುಲ್ವರಿನ್‌ನ ಟರ್ಬೋ ಬಿ ಇವುಗಳಲ್ಲಿ ಕೊಳವೆಯ ಹೊರಮೈಯ ಗರಿಗಳನ್ನು ಮಡಚಿ ಅಡಿಯಲ್ಲಿ ಸುರಂಗವನ್ನೂ ಮೇಲೆ ಕಿರಿದಾದ ಕಂಡಿಗಳನ್ನೂ ಮಾಡಿದರು. ಕೆಲವು ಕಂಡಿಗಳಿಂದ ದ್ರವ ಒಳಹೋಗುತ್ತದೆ, ಸುರಂಗದ ಗೋಡೆಗೆ ತೆಳುವಾಗಿ ಹರಡಿ ಆವಿಯಾಗುತ್ತದೆ, ಬೇರೆ ಕಂಡಿಗಳಿಂದ ಗುಳ್ಳೆಯಾಗಿ ಹೊರಬರುತ್ತದೆ. ಚೆನ್ನಾಗಿ ತೋಯಿಸುವ ಶೀತಕ ದ್ರವಗಳಿಗೂ ಹೈಡ್ರೋಕಾರ್ಬನ್‌ಗಳಿಗೂ ಇವು ಹೇಳಿಮಾಡಿಸಿದವು.

ಮಿಶ್ರಣ ಬಂದಾಗ ಸುರಂಗದ ಬಲವೇ ಅದರ ಬಲಹೀನತೆಯೂ ಆಗುತ್ತದೆ. ಒಳಬಂದ ದ್ರವದ ಹಗುರ ಪಾಲು ಮೊದಲು ಆವಿಯಾಗಿ, ಭಾರದ ಪಾಲು ಸುರಂಗದಲ್ಲಿ ಸೇರುತ್ತ ಹೋಗುತ್ತದೆ. ಹೊರಗಿನ ದ್ರವದೊಡನೆ ಅದು ಬೆರೆಯಲು ಕಂಡಿ ಕಿರಿದು. ಬೀಜ ಕಾಪಾಡಲು ಕಿರಿದಾದ ಬಾಯಿ ಬೇಕು, ಹೊಸ ದ್ರವ ಬರಲು ಅಗಲವಾದ ಬಾಯಿ ಬೇಕು. ಈ ಎಳೆದಾಟದ ನಡುವೆ ಸರಿಯಾದ ಗಾತ್ರ ಹುಡುಕುವುದು ಮಿಶ್ರಣಗಳಿಗೆ ಮೈ ರೂಪಿಸುವವರ ಮುಖ್ಯ ಕೆಲಸ.

ಇಪ್ಪತ್ತೊಂದನೆಯ ಶತಮಾನದಲ್ಲಿ ಸಿಲಿಕಾನ್ ಮೇಲೆ ಸೂಕ್ಷ್ಮ ಕಂಬಗಳು, ನ್ಯಾನೋ ತಂತಿಗಳು, ನೀರನ್ನು ಒಲ್ಲದ ಚುಕ್ಕೆಗಳನ್ನು ನೀರನ್ನು ಬಯಸುವ ಮೈಯಲ್ಲಿ ಹರಡಿದ ಮಾದರಿಗಳು ಬಂದಿವೆ. 2012ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ತಂಡ ಕಂಬಗಳ ಮೈಯಲ್ಲಿ ನೀರು ಕುದಿಸಿ ಚದರ ಸೆಂಟಿಮೀಟರಿಗೆ 200 ವ್ಯಾಟ್‌ಗೂ ಹೆಚ್ಚಿನ ಗರಿಷ್ಠ ಹರಿವು ಪಡೆಯಿತು. ಸಾಮಾನ್ಯ ಸಮತಟ್ಟು ಮೈಗೆ ಸಿದ್ಧಾಂತ ಹೇಳುವುದು ಸುಮಾರು 110. ಇಂಥ ಸುದ್ದಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ನೂರು ನ್ಯಾನೋಮೀಟರ್ ತ್ರಿಜ್ಯದ ಕುಳಿಯಿಂದ ನೀರಿನ ಗುಳ್ಳೆ ಎಬ್ಬಿಸಲು 70 ಡಿಗ್ರಿಗೂ ಹೆಚ್ಚು ಅತಿತಾಪ ಬೇಕು, ಅದು ಬಳಕೆಯಲ್ಲಿ ಸಿಗುವಂಥದ್ದಲ್ಲ. ನ್ಯಾನೋ ರಚನೆ ನೆರವಾಗುವುದು ದ್ರವವನ್ನು ಹೀರಿ ಹರಡುವುದರಿಂದ. ಗುಳ್ಳೆ ಹುಟ್ಟುವುದು ಆ ರಚನೆಗಳ ನಡುವೆ ಉಳಿದ ಮೈಕ್ರೋಮೀಟರ್ ಗಾತ್ರದ ಸಂದುಗಳಲ್ಲಿ. ಇವುಗಳಲ್ಲಿ ಬಹುಪಾಲು ಪ್ರಯೋಗ ಶುದ್ಧ ನೀರಿನಲ್ಲಿ ನಡೆದದ್ದು. ಎಥನಾಲ್ ಬೆರೆಸಿದರೆ ನೀರನ್ನು ಒಲ್ಲದ ಚುಕ್ಕೆಯೂ ತೋಯುತ್ತದೆ.

ಬಳಕೆಯ ನೆಲೆಗಳು

ಮಿಶ್ರಣ ಕುದಿಸುವುದು ಉದ್ಯಮದಲ್ಲಿ ಅಪರೂಪವೇನಲ್ಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಿಗೆ ಹೊಂದಿಕೊಂಡಿರುವ ಎಥನಾಲ್ ಘಟಕಗಳಲ್ಲಿ ಬಟ್ಟಿ ಇಳಿಸುವ ಗೋಪುರದ ಅಡಿಯಲ್ಲಿ ಕುದಿಯುವುದು ನೀರು, ಎಥನಾಲ್ ಮತ್ತು ಹುದುಗಿನ ಉಳಿಕೆಗಳ ಮಿಶ್ರಣ. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲೂ ಮಿಶ್ರಣವೇ, ಆದರೆ ಅದರ ಭಾರ ಘಟಕವಾದ ಸಕ್ಕರೆ ಆವಿಯಾಗುವುದೇ ಇಲ್ಲ. ಅಲ್ಲಿ ಗುಳ್ಳೆಯ ಬುಡದಲ್ಲಿ ಸಕ್ಕರೆ ಗಟ್ಟಿಯಾಗುತ್ತದೆ. ಪಾಕ ಬರುವ ಹೊತ್ತಿಗೆ ಕುದಿಬಿಂದು 116–118 ಡಿಗ್ರಿಗೆ ಏರಿರುತ್ತದೆ, ತಳ ಸೀಯುವ ಭಯ ಆಗಲೇ ಹೆಚ್ಚು.

ಕಾಲ ಕಳೆದಂತೆ ಮೈಯೂ ಮೊದಲಿನದಾಗಿ ಉಳಿಯುವುದಿಲ್ಲ. ಗಡಸು ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಹಿಡಿಯುವ ಬಿಳಿ ಕರೆಯಂತೆ ಕೊಳವೆಗಳಿಗೂ ಲವಣದ ಪೊರೆ ಹಿಡಿಯುತ್ತದೆ. ತೆಳುವಾಗಿ ರಂಧ್ರಮಯವಾಗಿದ್ದಾಗ ಅದು ಹೊಸ ಕುಳಿಗಳನ್ನು ಕೊಟ್ಟು ಗುಳ್ಳೆಗೆ ನೆರವಾಗುವುದುಂಟು. ದಪ್ಪವಾದ ಮೇಲೆ ಶಾಖಕ್ಕೆ ಅಡ್ಡ ನಿಲ್ಲುತ್ತದೆ.

ಹವಾನಿಯಂತ್ರಣ ಯಂತ್ರಗಳ ಆರ್ 407ಸಿ ಶೀತಕದಲ್ಲಿ ತೂಕದಲ್ಲಿ ಶೇ. 23 ಆರ್ 32, ಶೇ. 25 ಆರ್ 125, ಶೇ. 52 ಆರ್ 134ಎ ಬೆರೆತಿವೆ. ಒಂದೇ ಒತ್ತಡದಲ್ಲಿ ಅದು ಕುದಿಯಲು ತೊಡಗುವ ಬಿಸಿಗೂ ಪೂರ್ತಿ ಆವಿಯಾಗುವ ಬಿಸಿಗೂ ಸುಮಾರು 6–7 ಡಿಗ್ರಿ ಅಂತರ. ಶೀತಕ ಒಂದೇ ವಸ್ತುವಿನದಾದರೂ ಯಂತ್ರದೊಳಗೆ ಅದು ಶುದ್ಧವಾಗಿ ಉಳಿಯುವುದಿಲ್ಲ. ಕಂಪ್ರೆಸರಿನ ಎಣ್ಣೆ ಸ್ವಲ್ಪ ಸ್ವಲ್ಪವೇ ಬಂದು ಸೇರಿ ಆವಿಯಾಗದ ಘಟಕವಾಗಿ ನಿಲ್ಲುತ್ತದೆ. ನಯವಾದ ಕೊಳವೆಯ ಮೇಲೆ ನೂರಕ್ಕೆ ಒಂದೆರಡು ಪಾಲು ಎಣ್ಣೆ ನೊರೆಯೆಬ್ಬಿಸಿ ಕುದಿತವನ್ನು ಕೆಲವೊಮ್ಮೆ ಹೆಚ್ಚಿಸುತ್ತದೆ. ಸುರಂಗಗಳಿರುವ ಕೊಳವೆಯಲ್ಲಿ ಅಷ್ಟೇ ಎಣ್ಣೆ ಒಳಗೆ ಸೇರಿ ಹೊರಬರಲಾರದೆ ಕುದಿತವನ್ನು ತಗ್ಗಿಸುತ್ತದೆ.